ನೆಟ್ ಹೋಯ್ತು ಅಂದ್ರೆ ಅಡ್ಮಿನ್ ಎಲ್ಲಿಂದ ಶುರು ಮಾಡ್ಬೇಕು?

ಹಾಸನದ ಬಿ.ಎಂ. ರಸ್ತೆ ಆಫೀಸ್ ಆಗ್ಲಿ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಆಗ್ಲಿ, "ಸಾರ್ ನೆಟ್ ಬರ್ತಿಲ್ಲ" ಅಂತ ಫೋನ್ ಬಂದ ತಕ್ಷಣ ರೌಟರ್ ಆಫ್ ಮಾಡಿ ಆನ್ ಮಾಡೋಕೆ ಓಡ್ಬೇಡಿ. ಮೊದ್ಲು ಕೇಳಿ, ನಿಮ್ಗೊಬ್ರಿಗಾ ಇಲ್ಲ ಎಲ್ರಿಗಾ? ಒಬ್ರಿಗೆ ಮಾತ್ರ ಅಂದ್ರೆ ಆ ಟೇಬಲ್ ಹತ್ರ ಹೋಗಿ ಕೇಬಲ್ ಚುಚ್ಚಿರೋ ಕಡೆ ಲೈಟ್ ಮಿಣುಕ್ತಾ ಇದ್ಯಾ ನೋಡಿ, ಎಷ್ಟೋ ಸಲ ಕಸ ಗುಡಿಸುವಾಗ ವೈರ್ ಕಿತ್ಕೊಂಡಿರುತ್ತೆ ಅಷ್ಟೆ.

ಲೈಟ್ ಇದ್ರೆ, ಇಲ್ಲಾ ಎಲ್ರಿಗೂ ತೊಂದ್ರೆ ಅಂದ್ರೆ, ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗ್ದು ಐಪಿಕಾನ್ಫಿಗ್ ಹೊಡೀರಿ, ಆ ಕಂಪ್ಯೂಟರ್‌ನ ನೆಟ್ ಅಡ್ರೆಸ್ ಕಾಣುತ್ತೆ. ಅಡ್ರೆಸ್ 169.254 ಅಂತ ಶುರುವಾಗಿದ್ರೆ ಅಡ್ರೆಸ್ ಹಂಚೋ ಡಿಎಚ್‌ಸಿಪಿ ಏನೂ ಕೊಟ್ಟಿಲ್ಲ, ವಿಂಡೋಸ್ ತಾನೇ ಒಂದು ಹಾಕ್ಕೊಂಡಿದೆ. ಅಡ್ರೆಸ್ ಸರಿ ಇದ್ರೆ ಮೊದ್ಲು ಗೇಟ್‌ವೇಗೆ (ನೆಟ್ ಹೊರಗೆ ಹೋಗೋ ಬಾಗಿಲು, ಅಂದ್ರೆ ರೌಟರ್) ಪಿಂಗ್ ಮಾಡಿ, ಅಂದ್ರೆ ಉತ್ತರ ಬರುತ್ತಾ ಅಂತ ಕೇಳೋ ಕಮಾಂಡ್ ಕೊಡಿ, ಆಮೇಲೆ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ, ಕೊನೇಗೆ ಯಾವ್ದಾದ್ರೂ ವೆಬ್‌ಸೈಟ್ ಹೆಸ್ರಿಗೆ. ಗೇಟ್‌ವೇನೇ ಮಾತಾಡ್ತಿಲ್ಲ ಅಂದ್ರೆ ತೊಂದ್ರೆ ಒಳಗೇ ಇದೆ, ಆಫೀಸಿನ ಕೇಬಲ್ ಎಲ್ಲಾ ಬಂದು ಸೇರೋ ನೆಟ್‌ವರ್ಕ್ ಸ್ವಿಚ್ ನೋಡಿ. ಅದು ಬಂದು 8.8.8.8 ಬರ್ಲಿಲ್ಲ ಅಂದ್ರೆ ಲೈನ್ ಕೊಟ್ಟೋರಿಗೆ ಕಂಪ್ಲೇಂಟ್ ಹಾಕಿ, ನಂಬರ್‌ಗೆ ಹೋಗಿ ಹೆಸ್ರಿಗೆ ಹೋಗ್ತಿಲ್ಲ ಅಂದ್ರೆ ಹೆಸ್ರಿಗೆ ನಂಬರ್ ಹುಡುಕಿ ಕೊಡೋ ಡಿಎನ್ಎಸ್ ಕೈ ಕೊಟ್ಟಿದೆ.

ನಮ್ ಕಡೆ ದೊಡ್ಡ ಕಾಟ ಸಿಡಿಲು. ಆಫೀಸಿಂದ ಕಣದ ಆಚೆ ಗೋಡೌನ್‌ಗೆ ಕಂಬದ ಮೇಲೆ ಕ್ಯಾಟ್6 ಅನ್ನೋ ತಾಮ್ರದ ನೆಟ್ ಕೇಬಲ್ ಎಳ್ದುಬಿಡ್ತಾರೆ, ಏಪ್ರಿಲ್ ಮೇನಲ್ಲಿ ಗುಡುಗು ಮಳೆ ಬಂತು ಅಂದ್ರೆ ಸರ್ಜ್ (ಒಮ್ಮೆಲೇ ನುಗ್ಗೋ ಕರೆಂಟ್) ಆ ತಾಮ್ರದಲ್ಲೇ ಬಂದು ಎರಡೂ ಕಡೆ ಸ್ವಿಚ್ ಪೋರ್ಟ್ ಸುಟ್ಟು ಹಾಕುತ್ತೆ. ಯುಪಿಎಸ್ ಇತ್ತಲ್ಲ ಅಂತಾರೆ, ಅದು ಪ್ಲಗ್ ಕಡೆಯಿಂದ ಬರೋದನ್ನ ತಡೀಬಹುದು, ನೆಟ್ ಕೇಬಲ್‌ನಲ್ಲಿ ಬಂದಿದ್ದಕ್ಕೆ ಅದೇನ್ ಮಾಡುತ್ತೆ? ಕ್ಯಾಟ್6 ಹೇಗೂ 100 ಮೀಟರ್‌ಗಿಂತ ದೂರ ಎಳೆಯೋ ಹಾಗಿಲ್ಲ. ಬಿಲ್ಡಿಂಗ್ ಬಿಲ್ಡಿಂಗ್ ಮಧ್ಯ ಫೈಬರ್ ಹಾಕ್ಸಿ, ಗಾಜಿನ ಎಳೇಲಿ ಕರೆಂಟ್ ಹರಿಯಲ್ಲ, ಆದ್ರೆ ಒಳಗೆ ಸ್ಟೀಲ್ ತಂತಿ ಇಲ್ದಿರೋ ಕೇಬಲ್ಲೇ ಬೇಕು ಅಂತ ಅಂಗಡೀಲಿ ಕೇಳಿ ತಗೊಳ್ಳಿ. ಖರ್ಚು ಜಾಸ್ತಿ ಅಂತ ಓನರ್ ಗೊಣಗಿದ್ರೆ ಸುಟ್ಟ ಸ್ವಿಚ್‌ಗಳ ಬಿಲ್ ತೋರ್ಸಿ.

ಇನ್ನು ಪಾಸ್‌ವರ್ಡ್, ಅಪ್‌ಡೇಟ್ ಎಲ್ಲಾ ಇದ್ದಿದ್ದೇ. ರೌಟರ್ ಸೆಟ್ಟಿಂಗ್ ಬದಲಾಯ್ಸಿದಾಗೆಲ್ಲ ಕಾನ್ಫಿಗ್ ಫೈಲ್ ಇಳ್ಸಿ ಬೇರೆ ಕಡೆ ಇಟ್ಕೊಳ್ಳಿ. ಗೆಸ್ಟ್ ವೈಫೈ ಬಿಲ್ಲಿಂಗ್ ಕಂಪ್ಯೂಟರ್ ಇರೋ ನೆಟ್‌ವರ್ಕ್‌ಗೆ ಸೇರ್ಬಾರ್ದು, ಅದಕ್ಕೆ ಬೇರೆ ವಿಲ್ಯಾನ್ (ಅದೇ ಸ್ವಿಚ್‌ನಲ್ಲಿ ಬೇರೆ ಮಾಡಿಟ್ಟ ನೆಟ್‌ವರ್ಕ್) ಮಾಡಿ. ಕೆಲ್ಸ ಬಿಟ್ಟೋರ ಲಾಗಿನ್ ಅವತ್ತೇ ತೆಗೀರಿ, ಮುಂದಿನ್ ವಾರ ನೋಡೋಣ ಅಂದ್ರೆ ಅದು ವರ್ಷಗಟ್ಲೆ ಹಾಗೇ ಬಿದ್ದಿರುತ್ತೆ.