ಮೊದಲು ಕೇಳುವವರ ಮುಖ ಹುಡುಕಿ

ಸಿನಿಮಾ ಸಂಕಲನ ಕಲಿಯಲು ರಾಜಾಜಿನಗರದ ನನ್ನ ಎಡಿಟಿಂಗ್ ಕೊಠಡಿಗೆ ಬರುವ ಹುಡುಗರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಎಂದು. ಯಾವುದಾದರೂ ಆಗುತ್ತದೆ. ಮೊದಲ ದಿನ ಕೀಬೋರ್ಡ್ ಮುಟ್ಟಲು ನಾನು ಬಿಡುವುದೇ ಇಲ್ಲ. ಎಲ್ಲ ಟೇಕ್‌ಗಳನ್ನೂ, ಅಂದರೆ ಒಂದೇ ದೃಶ್ಯವನ್ನು ಮತ್ತೆ ಮತ್ತೆ ಚಿತ್ರೀಕರಿಸಿದ ತುಣುಕುಗಳನ್ನು, ಸುಮ್ಮನೆ ಕುಳಿತು ನೋಡಿ. ಎಲ್ಲಿ ನಗು ಬಂತು, ಎಲ್ಲಿ ಆಕಳಿಕೆ ಬಂತು, ಕಾಗದದಲ್ಲಿ ಬರೆದಿಡಿ. ಎರಡನೆಯ ಸಲ ನೋಡುವಾಗ ನೀವು ಪ್ರೇಕ್ಷಕರಾಗಿ ಉಳಿದಿರುವುದಿಲ್ಲ.

ಬಳಿಕ ಒಂದೇ ದೃಶ್ಯ ಎತ್ತಿಕೊಳ್ಳಿ. ಮೆಜೆಸ್ಟಿಕ್ ಬಸ್ ನಿಲ್ದಾಣ. ಊರಿಗೆ ಹೊರಟ ಅಪ್ಪನಿಗೆ ಮಗಳು ‘ಅಪ್ಪಾ, ಕೆಲಸ ಬಿಟ್ಟೆ’ ಎನ್ನುತ್ತಾಳೆ. ಹೊಸಬರು ಮಾತನಾಡುವವರ ಮುಖವನ್ನೇ ಬೆನ್ನಟ್ಟುತ್ತಾರೆ. ಸುದ್ದಿ ಹೇಳುವವಳಿಗೆ ಅದು ಹಳೆಯದು. ಬದಲಾಗುವುದು ಕೇಳುವವನ ಮುಖ. ಅವಳು ‘ಕೆಲಸ’ ಎನ್ನುತ್ತಿದ್ದಂತೆ ಅಪ್ಪನಿಗೆ ಕಟ್ ಮಾಡಿ, ‘ಬಿಟ್ಟೆ’ ಎಂಬುದು ಅವನ ಮುಖದ ಮೇಲೆ ಕೇಳಿಸಲಿ. ಚಿತ್ರ ಬದಲಾದರೂ ಹಿಂದಿನ ಶಾಟ್‌ನ ಧ್ವನಿ ಮುಂದುವರಿಯುವ ಇದಕ್ಕೆ ಎಲ್-ಕಟ್ ಎನ್ನುತ್ತೇವೆ.

ಆ ಮುಖ ಎಷ್ಟು ಹೊತ್ತು ನಿಲ್ಲಬೇಕು? ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ಚಿತ್ರ. 12 ಫ್ರೇಮ್ ಇಟ್ಟರೆ ಅಪ್ಪ ಕೇಳಿಸಿಕೊಂಡ, ಅಷ್ಟೆ. 48 ಇಟ್ಟರೆ ನುಂಗಿಕೊಂಡ. ಮುಂದೆ ಅವನ ಕೈಯ ಟಿಕೆಟ್ ತೋರಿಸಿದರೆ ಹೊರಡುವನೋ ಇಲ್ಲವೋ ಎಂಬ ಕುತೂಹಲ. ಮಗಳ ಸವೆದ ಚಪ್ಪಲಿ ತೋರಿಸಿದರೆ ಅದೇ ಮುಖದಲ್ಲಿ ಮರುಕ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷಗಳ ಹಿಂದೆಯೇ ಒಬ್ಬ ನಟನ ನಿರ್ಭಾವ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆಗಳ ಪಕ್ಕಕ್ಕೆ ಜೋಡಿಸಿ ಈ ಚಮತ್ಕಾರ ಮಾಡಿದ್ದ. ನಟನ ಸಂಭಾವನೆಯಲ್ಲಿ ನಮಗೂ ಪಾಲು ಬರಬೇಕಿತ್ತು!

ನಗೆ ದೃಶ್ಯದಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹಾಸ್ಯದ ಮಾತಿನ ಬೆನ್ನಿಗೇ ಕಥೆಯ ಮುಖ್ಯ ಸುಳಿವಿನ ಮಾತು ಇಟ್ಟಿದ್ದೆ. ಕೊಠಡಿಯಲ್ಲಿ ಒಬ್ಬನೇ ಕುಳಿತು ನೋಡಿದಾಗ ಬಿಗಿಯಾಗಿಯೇ ಇತ್ತು. ಚಿತ್ರಮಂದಿರದಲ್ಲಿ ಜನ ಗೊಳ್ಳೆಂದು ನಕ್ಕರು, ಸುಳಿವು ಆ ನಗೆಯಲ್ಲಿ ಮುಳುಗಿತು, ಇಂಟರ್ವಲ್ ನಂತರದ ಕಥೆ ಯಾರಿಗೂ ತಲೆಬುಡ ತಿಳಿಯಲಿಲ್ಲ. ನಗು ಬರುವ ಕಡೆ ಎರಡು ಸೆಕೆಂಡಿನಷ್ಟು ಮಾತಿಲ್ಲದ ಕ್ರಿಯೆ ಇಡಿ: ಯಾರೋ ಕುರ್ಚಿ ಎಳೆಯಲಿ, ಬಾಗಿಲು ಹಾಕಲಿ.

ಹಾಗಾಗಿ ಬಿಡುಗಡೆಗೆ ಮುನ್ನ ಹತ್ತು ಜನ ಅಪರಿಚಿತರಿಗಾದರೂ ಚಿತ್ರ ತೋರಿಸಿ. ನೆಂಟರು ಬೇಡ, ಅವರು ಹೊಗಳಿ ಊಟಕ್ಕೆ ಹೋಗುತ್ತಾರೆ. ನೀವು ಮುಂದಿನ ಸಾಲಿನ ಮೂಲೆಯಲ್ಲಿ, ಪರದೆಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಮೊಬೈಲ್ ಬೆಳಕು ಹೊತ್ತಿದ ನಿಮಿಷ ಗುರುತು ಹಾಕಿ. ಆಮೇಲೆ ಅಲ್ಲಿಂದ ಮೂರ್ನಾಲ್ಕು ನಿಮಿಷ ಹಿಂದಕ್ಕೆ ಹೋಗಿ ಕತ್ತರಿ ಹಾಕಿ. ಬೇಸರ ಅಲ್ಲೆಲ್ಲೋ ಶುರುವಾಗಿರುತ್ತದೆ.