ಸ್ನೋ ಬಿತ್ತು, ಮಸ್ಟ್ಯಾಂಗ್ ಮಾರಬೇಕಾ?

ಅಕ್ಟೋಬರ್ ಬಂತೆಂದರೆ ನನಗೆ ಒಂದೇ ಥರದ ಫೋನ್ ಬರಲು ಶುರುವಾಗುತ್ತದೆ. “ಅಣ್ಣಾ, ಬೇಸಿಗೆಯಲ್ಲಿ ಮಸ್ಟ್ಯಾಂಗ್ ತಗೊಂಡುಬಿಟ್ಟೆ. ಸ್ನೋ ಬಿದ್ದರೆ ಏನ್ ಮಾಡ್ಲಿ? ಮಾರಿಬಿಡ್ಲಾ?” ಫೋನ್ ಮಾಡುವವರು ಹೆಚ್ಚಾಗಿ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯ್ಟ್ ಕಡೆಗೆ ಹೊಸದಾಗಿ ಬಂದ ಎಂಜಿನಿಯರುಗಳು. ಮನೆ ಟ್ರಾಯ್, ನೋವೈ ಅಥವಾ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಕೆಲಸವೂ ಕಾರಿನದ್ದೇ. ಮಸ್ಟ್ಯಾಂಗ್ ಅಂದರೆ ಹಿಂದಿನ ಚಕ್ರದ ಬಲದಿಂದ ಓಡುವ ಫೋರ್ಡ್ ಕಂಪನಿಯ ಸ್ಪೋರ್ಟ್ಸ್ ಕಾರು. ಅದು ತಯಾರಾಗುವ ಫ್ಲ್ಯಾಟ್ ರಾಕ್ ಊರು ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಇಷ್ಟು ಹತ್ತಿರ ಇದ್ದು ಆಸೆ ಆಗಬಾರದು ಅಂದರೆ ಹೇಗೆ, ಅಲ್ವಾ?

ಮಾರಬೇಡಿ. ಆದರೆ ಈಗಿರುವ ಹಾಗೆ ಓಡಿಸಲೂ ಬೇಡಿ.

ನಾನು ಮೊದಲ ವರ್ಷ ಹಾಗೇ ಓಡಿಸಿದೆ. ನವೆಂಬರಿನ ಒಂದು ಬೆಳಿಗ್ಗೆ, ಒಂದು ಇಂಚೂ ಸ್ನೋ ಇರಲಿಲ್ಲ. ಐ-696 ಹೆದ್ದಾರಿಗೆ ಹತ್ತುವ ರ‍್ಯಾಂಪಿನಲ್ಲಿ ದಿನಾ ಒತ್ತುವಷ್ಟೇ ಆಕ್ಸಿಲರೇಟರ್ ಒತ್ತಿದೆ. ಕಾರಿನ ಹಿಂಭಾಗ ಮೆಲ್ಲಗೆ ನನ್ನ ಪಕ್ಕಕ್ಕೆ ಬಂತು. ಆಮೇಲೆ ಮುಂದಕ್ಕೇ ಬಂತು. ಎರಡು ಸೆಕೆಂಡಿನಲ್ಲಿ ನಾನು ಬಂದ ದಾರಿಯನ್ನೇ ನೋಡುತ್ತಾ ಕೂತಿದ್ದೆ. ದೂರದಲ್ಲಿ ಬರುತ್ತಿದ್ದ ಪಿಕಪ್‌ನವನು ನಿಧಾನಿಸಿ, ಪಕ್ಕಕ್ಕೆ ಬಂದು, ಕಿಟಕಿ ಇಳಿಸಿ ಒಂದೇ ಪ್ರಶ್ನೆ ಕೇಳಿದ: “ಸಮ್ಮರ್ ಟೈರಾ?” ಟೈರಿನಲ್ಲೂ ಬೇಸಿಗೆ, ಚಳಿಗಾಲ ಅಂತ ಇದೆ ಅನ್ನುವುದು ನನಗೆ ಗೊತ್ತಾಗಿದ್ದೇ ಆಗ. ತಪ್ಪು ಕಾರಿನದ್ದಲ್ಲ, ಪೂರ್ತಿ ನನ್ನದೇ.

ಹಾಗಾಗಿ ಮೊದಲು ಟೈರಿನ ವಿಷಯ. ಉಳಿದದ್ದೆಲ್ಲ ಆಮೇಲೆ.

ಇಂಥ ಕಾರುಗಳಲ್ಲಿ ಎಷ್ಟೋ ಕಾರು ಸಮ್ಮರ್ ಟೈರು ಹಾಕಿಕೊಂಡೇ ಬರುತ್ತವೆ. ಬಿಸಿ ರಸ್ತೆಯಲ್ಲಿ ಅವು ಅಂಟಿದ ಹಾಗೆ ಹಿಡಿಯುತ್ತವೆ. ತಾಪಮಾನ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ ಇಲ್ಲಿನ ಲೆಕ್ಕದಲ್ಲಿ 45 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದರೆ ಆ ರಬ್ಬರ್ ಗಟ್ಟಿಯಾಗುತ್ತದೆ. ಪೌಡರ್ ಹಾಕಿದ ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್ ಹೋಗುತ್ತದಲ್ಲ, ಹಾಗೆ ಜಾರುತ್ತದೆ. ಗಮನಿಸಿ, ಸ್ನೋ ಬೀಳಲೇಬೇಕು ಅಂತಿಲ್ಲ. ಒಣ ರಸ್ತೆಯಲ್ಲೂ ಚಳಿ ಇದ್ದರೆ ಸಾಕು. ತೀರಾ ಚಳಿಯಲ್ಲಿ ಆ ರಬ್ಬರ್ ಬಿರುಕು ಬಿಡುವುದೂ ಉಂಟು.

ಈಗಲೇ ಹೊರಗೆ ಹೋಗಿ ಟೈರಿನ ಪಕ್ಕದಲ್ಲಿ ಏನು ಬರೆದಿದೆ ನೋಡಿ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಈ ಚಿತ್ರ ಇರಬೇಕು. ಬರೀ ‘ಎಂ ಪ್ಲಸ್ ಎಸ್’ (ಮಡ್ ಪ್ಲಸ್ ಸ್ನೋ) ಅಂತ ಇದ್ದರೆ ಅದನ್ನು ನಂಬಿಕೊಂಡು ಜನವರಿ ಕಳೆಯಬೇಡಿ. ಬ್ಲಿಝಾಕ್, ಎಕ್ಸ್-ಐಸ್ ಅಂತೆಲ್ಲ ಹೆಸರು ಕೇಳುತ್ತೀರಿ. ಯಾವುದಾದರೂ ಸರಿ, ಒಳ್ಳೆಯ ವಿಂಟರ್ ಟೈರು ಆಗಿದ್ದರೆ ಸಾಕು.

ಹಿಂದಿನ ಚಕ್ರ ಓಡಿಸುವ ಕಾರು ತಾನೇ, ಹಿಂದಕ್ಕೆ ಎರಡು ಹಾಕಿಸಿದರೆ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ನಾವು ಲೆಕ್ಕ ಹಾಕುವ ಜನ. ಸಾಲದು. ತಿರುಗಿಸುವುದು ಮುಂದಿನ ಚಕ್ರ, ಬ್ರೇಕಿನ ಭಾರ ಹೆಚ್ಚು ಹೊರುವುದೂ ಅದೇ. ನಾಲ್ಕೂ ಹಾಕಿಸಿ. ಸಾಧ್ಯವಾದರೆ ಬೇರೆ ರಿಮ್ ತಗೊಂಡು, 19 ಇಂಚಿನ ಬದಲು 18 ಅಥವಾ 17 ಇಂಚಿನದ್ದು, ಸ್ವಲ್ಪ ಸಣ್ಣ ಅಗಲದ ಟೈರು ಹಾಕಿಸಿ. ಅಗಲದ ಟೈರು ಸ್ನೋ ಮೇಲೆ ತೇಲುತ್ತದೆ, ಸಣ್ಣದು ಸೀಳಿಕೊಂಡು ಹೋಗುತ್ತದೆ. ದೊಡ್ಡ ಬ್ರೇಕಿನ ಕಾರುಗಳಿಗೆ ಸಣ್ಣ ರಿಮ್ ಕೂರುವುದಿಲ್ಲ, ಅದನ್ನು ಅಂಗಡಿಯಲ್ಲಿ ಕೇಳಿಕೊಳ್ಳಿ. ನನಗೆ ರಿಮ್ ಸೇರಿ ಸಾವಿರ ಡಾಲರ್ ದಾಟಿತು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಆದರೆ ಒಂದು ಸೆಟ್ ಓಡುವಾಗ ಇನ್ನೊಂದು ಗ್ಯಾರೇಜಿನಲ್ಲಿ ಮಲಗಿರುತ್ತದೆ, ಎರಡೂ ಜಾಸ್ತಿ ವರ್ಷ ಬಾಳುತ್ತವೆ.

ಯಾವಾಗ ಹಾಕಿಸಬೇಕು? ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಬರುವಾಗ ವಿಂಟರ್ ಟೈರಿನಲ್ಲಿ ಬನ್ನಿ, ಯುಗಾದಿ ಕಳೆದು ಚಳಿ ಪೂರ್ತಿ ಹೋದ ಮೇಲೆ ತೆಗೆಸಿ. ಈ ಲೆಕ್ಕ ಮರೆಯುವುದಿಲ್ಲ.

ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರು, ಇಟ್ಟುಕೊಂಡಿರುವ ಗೆಳೆಯರು ನಿಮ್ಮನ್ನು ನೋಡಿ ನಗುತ್ತಾರೆ. ನಗಲಿ. ಅದು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕೇ ಚಕ್ರಕ್ಕೆ. ಗುಂಡಿಗೆ ಬಿದ್ದ ಎಷ್ಟು ದೊಡ್ಡ ಎಸ್‌ಯುವಿಗಳನ್ನು ನೋಡಿದ್ದೇನೋ!

ಇನ್ನು ಓಡಿಸುವುದು. ಮಲೆನಾಡಿನ ಕಡೆಯವರಿಗೆ ಇದು ಅರ್ಧ ಗೊತ್ತಿರುವ ವಿದ್ಯೆ. ಜುಲೈ ತಿಂಗಳಲ್ಲಿ ತೋಟದ ಕೆಸರು ದಾರಿಯಲ್ಲಿ ಜೀಪಿನ ಟೈರಿಗೆ ಚೈನ್ ಕಟ್ಟಿ ಓಡಿಸುವುದನ್ನು ನೋಡಿದ್ದೀರಲ್ಲ, ಆ ಡ್ರೈವರ್ ಯಾವತ್ತೂ ಗಡಿಬಿಡಿ ಮಾಡುವುದಿಲ್ಲ. ಇಲ್ಲೂ ಅಷ್ಟೇ. ಬ್ರೇಕು, ಸ್ಟೀರಿಂಗ್, ಆಕ್ಸಿಲರೇಟರ್, ಒಂದು ಸಲಕ್ಕೆ ಒಂದೇ ಕೆಲಸ, ಅದೂ ಮೆಲ್ಲಗೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಅಲ್ಲ. ಮ್ಯಾನುಯಲ್ ಗೇರಿನವರು ಎರಡನೇ ಗೇರಿನಲ್ಲಿ ಹೊರಡಿ. ನನ್ನ ಕಾರಿನಲ್ಲಿ ‘ಸ್ನೋ/ವೆಟ್’ ಅನ್ನುವ ಮೋಡ್ ಇದೆ. ಅದನ್ನು ಹಾಕಿದರೆ ಆಕ್ಸಿಲರೇಟರ್ ಸ್ವಲ್ಪ ಮಂದವಾಗುತ್ತದೆ. ನಾಚಿಕೆ ಇಲ್ಲದೆ ಹಾಕಿಕೊಳ್ಳಿ.

ಇಳಿಜಾರಿನಲ್ಲಿ ಒಂದು ಎಚ್ಚರ. ಊರಲ್ಲಿ ಘಾಟಿ ಇಳಿಯುವಾಗ ಗೇರ್ ಇಳಿಸುವ ಅಭ್ಯಾಸ ನಮಗೆಲ್ಲ ಇದೆ. ಐಸ್ ಮೇಲೆ ತಟ್ಟನೆ ಕೆಳಗಿನ ಗೇರಿಗೆ ಹಾಕಿದರೆ ಎಂಜಿನ್ ಹಿಂದಿನ ಚಕ್ರವನ್ನಷ್ಟೇ ತಡೆಯುತ್ತದೆ, ಹಿಂಭಾಗ ಹಾರಿಕೊಳ್ಳುತ್ತದೆ. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಇಳಿಸಿ.

ಜಾರಿದರೆ? ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಬ್ರೇಕ್ ತುಳಿಯಬೇಡಿ. ಕಣ್ಣು ನೀವು ಹೋಗಬೇಕಾದ ಕಡೆ ಇರಲಿ, ಸ್ಟೀರಿಂಗ್ ಕೂಡ ಆ ಕಡೆಗೇ. ಎದುರಿನ ಕಂಬವನ್ನೇ ನೋಡುತ್ತಿದ್ದರೆ ಕಂಬಕ್ಕೇ ಹೋಗುತ್ತೀರಿ. ನೇರವಾಗಿ ಹೋಗುತ್ತಾ ತುರ್ತಾಗಿ ನಿಲ್ಲಿಸಬೇಕಾದರೆ ಮಾತ್ರ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಾಲಿನ ಕೆಳಗೆ ಗಡಗಡ ನಡುಗಿದರೆ ಹೆದರಿ ಬಿಡಬೇಡಿ, ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿರುವ ಸದ್ದು.

ಇದನ್ನೆಲ್ಲ ಖಾಲಿ ಜಾಗದಲ್ಲಿ ಒಮ್ಮೆ ಕಲಿಯಿರಿ, ಜಾಗದವರನ್ನು ಕೇಳಿಕೊಂಡು. ಸುಮ್ನೆ ಅಂಗಡಿಯ ಪಾರ್ಕಿಂಗ್ ಲಾಟಿಗೆ ಹೋಗಿ ಗಿರಗಿರ ಸುತ್ತಿಸಬೇಡಿ. ಮಿಶಿಗನ್ನಿನ ರೆಕ್‌ಲೆಸ್ ಡ್ರೈವಿಂಗ್ ಕಾನೂನು ಪಾರ್ಕಿಂಗ್ ಜಾಗಕ್ಕೂ ಅನ್ವಯ. ಹೆಪ್ಪುಗಟ್ಟಿದ ಸಾರ್ವಜನಿಕ ಕೆರೆಯ ಹೆಸರನ್ನೂ ಅದರಲ್ಲಿ ಬರೆದಿಟ್ಟಿದ್ದಾರೆ ಅಂದರೆ, ಇಲ್ಲಿನವರು ಏನೇನು ಮಾಡಿ ನೋಡಿದ್ದಾರೆ ಊಹಿಸಿ.

ಐಸ್ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನ ಕಥೆ ಬೇರೆಯೇ. ಡೆಟ್ರಾಯ್ಟ್ ನಗರದ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ ದೊಡ್ಡ ಉಪ್ಪಿನ ಗಣಿ ಇದೆ. ನಾವು ಓಡಾಡುವ ರಸ್ತೆಯ ಅಡಿಯ ಉಪ್ಪೇ ರಸ್ತೆಯ ಮೇಲೆ ಬಂದು ಬೀಳುತ್ತದೆ. ಇದನ್ನು ನಂಬಿ ನಿರಾಳವಾಗಬೇಡಿ. ಸುಮಾರು 15 ಫ್ಯಾರನ್‌ಹೀಟ್, ಅಂದರೆ ಮೈನಸ್ 9 ಸೆಲ್ಸಿಯಸ್‌ಗಿಂತ ಚಳಿ ಹೆಚ್ಚಾದರೆ ಬರೀ ಉಪ್ಪಿನ ಆಟ ಅಷ್ಟಾಗಿ ನಡೆಯುವುದಿಲ್ಲ. ಕಾರಿನ ಕಬ್ಬಿಣಕ್ಕೆ ಮಾತ್ರ ಅದು ಸದಾ ಶತ್ರು. ಎರಡು ವಾರಕ್ಕೊಮ್ಮೆ, ಹಿಮ ಕರಗುವಷ್ಟು ಬಿಸಿಲಿರುವ ದಿನ ನೋಡಿ, ಕಾರಿನ ಅಡಿಭಾಗ ತೊಳೆಯುವ ಕಾರ್ ವಾಶ್‌ಗೆ ಹೋಗಿ. ತೊಳೆದ ಮೇಲೆ ಬಾಗಿಲಿನ ರಬ್ಬರ್ ಒರೆಸಿ, ಇಲ್ಲದಿದ್ದರೆ ಬೆಳಿಗ್ಗೆ ಬಾಗಿಲು ಅಂಟಿರುತ್ತದೆ. ಮಸ್ಟ್ಯಾಂಗಿನಂಥ ಕಾರಿಗೆ ಬಾಗಿಲಿನಲ್ಲಿ ಗಾಜಿಗೆ ಚೌಕಟ್ಟಿಲ್ಲ. ಬಾಗಿಲು ತೆಗೆಯುವಾಗ ಗಾಜು ತಾನಾಗಿ ಒಂಚೂರು ಕೆಳಗಿಳಿಯಬೇಕು. ಐಸ್ ಹಿಡಿದು ಇಳಿಯದಿದ್ದಾಗ ಜಗ್ಗಿದರೆ ಗಾಜು ಹೋಯಿತು ಅಂತಲೇ ಲೆಕ್ಕ. ಬಿಸಿನೀರು ಸುರಿಯುವ ಯೋಚನೆಯಂತೂ ಬೇಡವೇ ಬೇಡ.

ಸೇತುವೆಗಳು ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ, ಕೆಳಗೂ ಗಾಳಿ ಆಡುತ್ತದಲ್ಲ. ಬ್ಲ್ಯಾಕ್ ಐಸ್ ಕಾಣುವುದಿಲ್ಲ, ರಸ್ತೆ ಒದ್ದೆ ಅನ್ನಿಸುತ್ತದೆ ಅಷ್ಟೇ. ಹಸಿರು ದೀಪ ಮಿನುಗಿಸುತ್ತಾ ಹೋಗುವ ಪ್ಲೌ ಲಾರಿ (ರಸ್ತೆಯ ಸ್ನೋ ಪಕ್ಕಕ್ಕೆ ತಳ್ಳುವ ಲಾರಿ) ಕಂಡರೆ ಹಿಂದೆ ದೂರದಲ್ಲೇ ಇರಿ. ಅದರ ಹಿಂದಿನ ರಸ್ತೆಯೇ ಅವತ್ತಿನ ಒಳ್ಳೆಯ ರಸ್ತೆ. ಕಲಾಮಝೂ, ಗ್ರ್ಯಾಂಡ್ ರ‍್ಯಾಪಿಡ್ಸ್ ಕಡೆ ಹೊರಟರೆ ಹವಾಮಾನ ಎರಡು ಸಲ ನೋಡಿ. ಲೇಕ್ ಮಿಶಿಗನ್ ಮೇಲಿಂದ ಬರುವ ಸ್ನೋ ಬಿಸಿಲಿದ್ದ ಜಾಗವನ್ನು ಹತ್ತು ನಿಮಿಷದಲ್ಲಿ ಬಿಳಿ ಗೋಡೆ ಮಾಡುತ್ತದೆ. 2015ರ ಜನವರಿಯಲ್ಲಿ ಆ ಕಡೆಯ ಐ-94ರಲ್ಲಿ 193 ವಾಹನಗಳು ಒಂದಕ್ಕೊಂದು ಗುದ್ದಿಕೊಂಡವು. ಅದರಲ್ಲಿ ಪಟಾಕಿ ತುಂಬಿದ್ದ ಒಂದು ಲಾರಿಗೆ ಬೆಂಕಿಯೂ ಹತ್ತಿತ್ತು.

ಎಂಥ ಟೈರು ಹಾಕಿದರೂ ಒಂದು ವಿಷಯ ಬದಲಾಗುವುದಿಲ್ಲ. ಈ ಕಾರಿನ ಹೊಟ್ಟೆ ನೆಲದಿಂದ ಐದಾರು ಇಂಚು ಮೇಲೆ, ಅಷ್ಟೇ. ಸ್ನೋ ಅದಕ್ಕಿಂತ ಹೆಚ್ಚಾದರೆ ಚಕ್ರ ಗಾಳಿಯಲ್ಲಿ ತಿರುಗುತ್ತಾ ಕಾರು ಹೊಟ್ಟೆಯ ಮೇಲೆ ಕೂರುತ್ತದೆ. ಹೈವೇ ಬೇಗ ಚೊಕ್ಕಟವಾಗುತ್ತದೆ, ನಮ್ಮ ಮನೆಯ ಬೀದಿಗೆ ಪ್ಲೌ ಬರುವುದು ಕೊನೆಗೆ. ಬಂದಮೇಲೂ ನಿಮ್ಮ ಡ್ರೈವ್‌ವೇ ಬಾಯಿಗೆ ಒಂದು ದಿಬ್ಬ ಎಳೆದು ಹೋಗುತ್ತದೆ. ಅದು ರಾತ್ರಿ ಕಲ್ಲಿನಂತಾಗುತ್ತದೆ. ಮುಂದಿನ ಬಂಪರ್ ಒಡೆದುಕೊಂಡವರಲ್ಲಿ ಅರ್ಧ ಜನ ಒಡೆದುಕೊಂಡಿದ್ದು ಸ್ವಂತ ಮನೆಯ ಮುಂದೆ. ಸಂಜೆಯೇ ಸಲಿಕೆ ಹಿಡಿಯಿರಿ. ಅಂಥ ದಿನ ಮನೆಯಿಂದ ಕೆಲಸ ಮಾಡಿ, ಅಥವಾ ಗೆಳೆಯರ ಕಾರಿನಲ್ಲಿ ಹೋಗಿ. ವರ್ಷಕ್ಕೆ ನಾಲ್ಕೈದು ದಿನ ಹೀಗಾದೀತು.

ಡಿಕ್ಕಿಯಲ್ಲಿ ಸಣ್ಣ ಸಲಿಕೆ, ಬ್ರಶ್, ಕಂಬಳಿ, ಜಂಪರ್ ಕೇಬಲ್, ಒಂದು ಚೀಲ ಕ್ಯಾಟ್ ಲಿಟರ್ (ಸಾಕಿದ ಬೆಕ್ಕು ಗಲೀಜು ಮಾಡಲು ಇಡುವ ಮರಳಿನಂಥ ಪುಡಿ) ಇರಲಿ. ಕೊನೆಯದು ಸಿಕ್ಕಿಹಾಕಿಕೊಂಡಾಗ ಚಕ್ರದ ಕೆಳಗೆ ಹಾಕಲು. ಊರಿಂದ ಬಂದಿದ್ದ ಅಮ್ಮ ಅದನ್ನು ನೋಡಿ, “ಬೆಕ್ಕೇ ಇಲ್ಲವಲ್ಲೋ” ಅಂದರು. ಹಾಗೆ ಸಿಕ್ಕಿಹಾಕಿಕೊಂಡಾಗ, ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಸ್ವಲ್ಪ ಹೊತ್ತು ಆಫ್ ಮಾಡಿ ಹಿಂದೆ ಮುಂದೆ ತೂಗಿ ಹೊರಬನ್ನಿ, ಬಂದಕೂಡಲೇ ಆನ್ ಮಾಡಿ. ಎಂಜಿನ್ ಆನ್ ಇಟ್ಟು ಕೂರುವುದಾದರೆ ಸೈಲೆನ್ಸರ್ ಬಾಯಿಯ ಸ್ನೋ ತೆಗೆಯಿರಿ, ಇಲ್ಲದಿದ್ದರೆ ವಿಷಗಾಳಿ ಒಳಗೆ ಬರುತ್ತದೆ. ಟೈರಿನ ಗಾಳಿ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿತಕ್ಕೆ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುತ್ತದೆ. ಮೊದಲ ಚಳಿಯ ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಕಂಡರೆ ಪಂಕ್ಚರ್ ಅಂತ ಗಾಬರಿಯಾಗಬೇಡಿ.

ಇಷ್ಟೆಲ್ಲ ಬೇಡಪ್ಪ ಅನ್ನುವವರು ಗ್ಯಾರೇಜಿನಲ್ಲಿ ಮಲಗಿಸಿ. ಟ್ಯಾಂಕ್ ತುಂಬಿಸಿ, ಬ್ಯಾಟರಿಗೆ ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಮೇಂಟೈನರ್ ಹಾಕಿ, ಇನ್ಶೂರೆನ್ಸ್‌ನವರಿಗೆ ಒಂದು ಫೋನ್ ಮಾಡಿ.

ಫೆಬ್ರವರಿ ಕಳೆದರೆ ಗುಂಡಿಗಳ ಕಾಲ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ರಸ್ತೆ ಬಾಯಿ ಬಿಡುತ್ತದೆ. ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ, ಆದರೆ ಇಲ್ಲಿ 70 ಮೈಲಿ ವೇಗದಲ್ಲಿ ಸಿಗುತ್ತವೆ. ಮುಂದಿನ ಕಾರಿಗೆ ಅಂಟಿಕೊಂಡು ಹೋದರೆ ಕಾಣುವುದಿಲ್ಲ. ಮಾರ್ಚಿನಲ್ಲಿ ನಾಲ್ಕು ದಿನ ಬಿಸಿಲು ಬಂತೆಂದು ಸಮ್ಮರ್ ಟೈರಿಗೆ ಅವಸರ ಮಾಡಬೇಡಿ, ಏಪ್ರಿಲ್‌ನಲ್ಲೂ ಒಂದು ಸಲ ಸ್ನೋ ಬೀಳುವುದುಂಟು. ಟೈರ್ ಅಂಗಡಿಯ ಅಪಾಯಿಂಟ್‌ಮೆಂಟ್ ಮಾತ್ರ ಮಾರ್ಚಿನಲ್ಲೇ ತೆಗೆದಿಟ್ಟುಕೊಳ್ಳಿ. ಯುಗಾದಿ ಆದಮೇಲೆ ಊರಿಗೆ ಊರೇ ಅಲ್ಲಿ ಸಾಲು ನಿಂತಿರುತ್ತದೆ.