ಬೆಳಗಿನ ಹುಳಿ, ಸಂಜೆಯ ಸಪ್ಪೆ: ಗಿಡ ನೀರು ಉಳಿಸುವ ಬಗೆಯನ್ನು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಬೇಸಿಗೆ ಬಂತೆಂದರೆ ಎಲ್ಲ ಕುಂಡಗಳಿಗೂ ಒಂದೇ ಅಳತೆಯಲ್ಲಿ ನೀರು ಹಾಕುವುದು ಹೆಚ್ಚಿನವರ ರೂಢಿ. ಆದರೆ ಗಿಡಗಳು ತಮ್ಮ ಮೂಲ ನೆಲದ ಹವೆಗೆ ತಕ್ಕಂತೆ ಬೇರೆ ಬೇರೆ ರೀತಿಯಲ್ಲಿ ನೀರನ್ನು ಉಳಿಸುವುದರಿಂದ, ಆ ಬಗೆಯನ್ನು ತಿಳಿದು ನೀರುಣಿಸುವುದು ಲೇಸು. ಪರೀಕ್ಷೆಗೆ ಬೇಕಾದದ್ದು ಒಂದು ಕಾಡುಬಸಳೆ ಗಿಡ, ಪುಟ್ಟ ಕುಟ್ಟಾಣಿ ಮತ್ತು ಹುಳಿಯ ಪ್ರಮಾಣವನ್ನು ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದದ ಕೆಲವು ಪಟ್ಟಿಗಳು.

ಮೊದಲು, ಸೂರ್ಯ ಹುಟ್ಟುವ ಮುಂಚೆ ಬಲಿತ ಎಲೆಯೊಂದನ್ನು ಕಿತ್ತು ಜಜ್ಜಿ, ರಸದಲ್ಲಿ ಕಾಗದವನ್ನು ಅದ್ದಿ, ಬಂದ ಬಣ್ಣಕ್ಕೆ ಪೊಟ್ಟಣದ ಮೇಲೆ ಯಾವ ಅಂಕಿಯಿದೆಯೆಂದು ನೋಡಿ ಬರೆದಿಟ್ಟುಕೊಳ್ಳಿ. ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ದಿನವಿಡೀ ಬಿಸಿಲು ಬಿದ್ದ ಮೇಲೆ, ಸಂಜೆ ನಾಲ್ಕರ ಸುಮಾರಿಗೆ, ಅದೇ ಗಿಡದ ಅಷ್ಟೇ ಬಲಿತ ಇನ್ನೊಂದು ಎಲೆಯನ್ನು ಹಾಗೆಯೇ ಪರೀಕ್ಷಿಸಿ. ಬೆಳಗಿನ ರಸವೇ ಹೆಚ್ಚು ಹುಳಿಯಾಗಿರುತ್ತದೆ. ಮಡಗಾಸ್ಕರ್ ಮೂಲದ ಈ ಗಿಡ ರಾತ್ರಿಯ ತಂಪಿನಲ್ಲಿ ಪತ್ರರಂಧ್ರಗಳನ್ನು, ಅಂದರೆ ಗಾಳಿ ಮತ್ತು ನೀರಾವಿ ಹಾಯುವ ಎಲೆಯ ಸೂಕ್ಷ್ಮ ತೂತುಗಳನ್ನು, ತೆರೆದು, ಇಂಗಾಲದ ಡೈಆಕ್ಸೈಡನ್ನು ಹೀರಿ ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತದೆ. ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿ, ನೀರು ಆವಿಯಾಗದಂತೆ ನೋಡಿಕೊಂಡು, ಆ ಆಮ್ಲದಿಂದ ಬಿಡುಗಡೆಯಾಗುವ ಡೈಆಕ್ಸೈಡ್ ಬಳಸಿ ಸಕ್ಕರೆ ತಯಾರಿಸುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಬೆಂಜಮಿನ್ ಹೇಯ್ನ್ ಈ ವ್ಯತ್ಯಾಸವನ್ನು ಎಲೆ ಅಗಿದೇ ಕಂಡುಕೊಂಡಿದ್ದರು. ಅವರ ಬರಹ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ನೀವು ನಾಲಿಗೆಗೆ ಕೆಲಸ ಕೊಡಬೇಡಿ. ಎಲೆಯಲ್ಲಿ ಹೃದಯಕ್ಕೆ ಹಾನಿ ಮಾಡಬಲ್ಲ ಅಂಶಗಳಿವೆ.

ಅನಂತರ ಕಣಗಿಲೆಯ ಎಲೆಯನ್ನು ಮಗುಚಿ, ಭೂತಗನ್ನಡಿಯಲ್ಲಿ ನೋಡಿ. ಮೆಡಿಟರೇನಿಯನ್ ತೀರದ ಒಣ ಬೇಸಿಗೆಯನ್ನೂ ತಾಳುವ ಈ ಗಿಡದ ಪತ್ರರಂಧ್ರಗಳು ಎಲೆಯಡಿಯ ಸಣ್ಣ ಕುಳಿಗಳೊಳಗೆ, ರೋಮಗಳ ಮರೆಯಲ್ಲಿ ಇರುವುದರಿಂದ ಒಣಗಾಳಿ ನೇರವಾಗಿ ತಾಗುವುದಿಲ್ಲ. ಇದು ವಿಷದ ಗಿಡ. ಜಜ್ಜದೆ, ಮುಟ್ಟಿದ ಕೈಯನ್ನು ತೊಳೆದುಕೊಳ್ಳಿ.

ಹೊಲವಿದ್ದವರು ಜೋಳವನ್ನೂ ಗಮನಿಸಬಹುದು. ಮಧ್ಯಾಹ್ನ ಗರಿ ಸುರುಳಿ ಸುತ್ತಿಕೊಂಡರೆ ಗಾಬರಿ ಬೇಡ, ಬಿಸಿಲಿಗೆ ಮೈಯೊಡ್ಡುವುದನ್ನು ಅದು ಕಡಿಮೆ ಮಾಡಿಕೊಂಡಿದೆ ಅಷ್ಟೆ. ಮರುದಿನ ಬೆಳಗಿನ ಜಾವವೂ ಗರಿ ಬಿಚ್ಚದಿದ್ದರೆ ನೀರು ಹಾಯಿಸಲೇಬೇಕು.

ಕಾಡುಬಸಳೆಗೆ ಮಾತ್ರ ಕೈ ಬಿಗಿಹಿಡಿಯಿರಿ. ನನ್ನ ಅನುಭವದಲ್ಲಿ ಇಂಥ ದಪ್ಪ ಎಲೆಯ ಗಿಡಗಳು ಒಣಗಿ ಸತ್ತದ್ದಕ್ಕಿಂತ ಬೇರು ಕೊಳೆತು ಸತ್ತದ್ದೇ ಹೆಚ್ಚು. ಬೆರಳಿನ ಎರಡು ಗೆಣ್ಣು ಆಳದವರೆಗೆ ಮಣ್ಣು ಒಣಗಿದ್ದರಷ್ಟೇ ನೀರು ಹಾಕಿ, ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.